ಮಾದರಿ ಊಟ

ಸಂಜೆ ಶಾಲೆಯಲ್ಲಿ ಟೀಚರ್ ಹಂಚಿದ ಮಾದರಿ ಪ್ರಬಂಧದಲ್ಲಿ ಆರು ಜನ ಊಟಕ್ಕೆ ಕೂತಿದ್ದರು. ಖಾಮ್ ಬೆರಳಿಟ್ಟು ಮತ್ತೊಮ್ಮೆ ಎಣಿಸಿದ. ಅಜ್ಜಿ, ಅಪ್ಪ, ಅಮ್ಮ, ಅಣ್ಣ, ಅಕ್ಕ, ಕೊನೆಗೆ ಇದನ್ನೆಲ್ಲ ಬರೆಯುತ್ತಿರುವ ಮಗು. ಚಾಪೆಯ ನಡುವೆ ಅನ್ನದ ಪಾತ್ರೆ, ಹುಳಿ ಹಾಕಿದ ಮೀನಿನ ಸಾರು, ಬೇಯಿಸಿದ ಸೊಪ್ಪು. ಅಜ್ಜಿಯ ಬೆಳ್ಳಿ ಕೂದಲು ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಅಪ್ಪ ಏನೋ ತಮಾಷೆ ಹೇಳಿದರು, ಎಲ್ಲರೂ ನಕ್ಕರು. ಎಲ್ಲರಿಗಿಂತ ಚಿಕ್ಕ ಮಗು ಮನೆಯ ಪದ್ಧತಿಯಂತೆ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಊಟಕ್ಕೆ ಕರೆದ ಮೇಲೆ ಅಜ್ಜಿ ಮೊದಲ ತುತ್ತು ಎತ್ತಿಕೊಂಡಳು.

“ನಿಮ್ಮನೇದು ಒಂದು ಊಟ. ಅಷ್ಟೇ ವಿಷಯ,” ಎಂದಿದ್ದರು ಮಿಯೆನ್ ಟೀಚರ್. “ಏನು ಬರೀಬೇಕು ಅಂತ ನಿಮಗೆ ಗೊತ್ತಾಗ್ಲಿ ಅಂತಾನೇ ಇದನ್ನ ಕೊಟ್ಟಿದ್ದೀನಿ. ಚೆನ್ನಾಗಿ ನೋಡ್ಕೊಳ್ಳಿ.”

ಮಾದರಿಯನ್ನು ಚೆನ್ನಾಗಿ ನೋಡುವುದು ಖಾಮ್‌ಗೆ ಹೊಸ ಕೆಲಸವೇನಲ್ಲ. ಹಗಲೆಲ್ಲ ಅವನು ಮಾಡುತ್ತಿದ್ದದ್ದೇ ಅದು. ಕ್ವಿ ನ್ಯೋನ್ ಪಟ್ಟಣದ ಹೊರಗೆ, ಗುಡ್ಡದ ಬುಡದಲ್ಲಿದ್ದ ಕುರ್ಚಿ ಮೇಜುಗಳ ಕಾರ್ಖಾನೆಯಲ್ಲಿ ಅವನು ತಪಾಸಣೆಯವನು. ದೂರ ದೇಶದ ಮನೆಗಳಿಗೆ ಹೋಗುವ ಊಟದ ಮೇಜಿನ ಕುರ್ಚಿಗಳು ಆರಾರರ ಸೆಟ್ಟಾಗಿ ಅವನ ಕೋಣೆಗೆ ಬರುತ್ತಿದ್ದವು. ಕೋಣೆಯ ಮೂಲೆಯಲ್ಲಿ ಒಂದು ಕುರ್ಚಿ ಬೇರೆಯಾಗಿಯೇ ನಿಂತಿರುತ್ತಿತ್ತು. ಕೊಳ್ಳುವವರು ಬಂದು ನೋಡಿ, ಒಪ್ಪಿ, ಸಹಿ ಮಾಡಿದ ಚೀಟಿಯನ್ನು ಅದರ ಬೆನ್ನಿಗೆ ಕಟ್ಟಿ ಹೋಗಿದ್ದರು. ಅದು ಮಾದರಿ. ಅದರ ಮೇಲೆ ಯಾರೂ ಕೂರುವಂತಿಲ್ಲ. ಬರುವ ಪ್ರತಿಯೊಂದು ಕುರ್ಚಿಯೂ ಅದರ ಹಾಗೆಯೇ ಇರಬೇಕು. ಕಾಲು, ಬೆನ್ನು, ಬಣ್ಣ, ಯಾವುದೂ ಒಂದು ಕೂದಲೆಳೆ ಹೆಚ್ಚುಕಡಿಮೆ ಆಗುವಂತಿಲ್ಲ. ಖಾಮ್ ಒಂದೊಂದರ ಮೇಲೂ ಕೂತು ಅತ್ತಿತ್ತ ವಾಲಿ ನೋಡುತ್ತಿದ್ದ. ಸರಿಯಿದ್ದರೆ ಹಸಿರು ಚೀಟಿ, ಅಲುಗಾಡಿದರೆ ಕೆಂಪು ಚೀಟಿ. ಆರು ಕುರ್ಚಿಗಳಲ್ಲೂ ಒಬ್ಬನೇ ಕೂತೆದ್ದು ಮುಗಿದ ಮೇಲೆ ಮುಂದಿನ ಸೆಟ್ಟು.

ಆ ಕಣ್ಣಿನಿಂದಲೇ ಅವನು ಪ್ರಬಂಧವನ್ನೂ ನೋಡಿದ. ಅವನನ್ನು ಸಾಕಿದ ಅಜ್ಜಿ ಸತ್ತು ಬಹಳ ಕಾಲವಾಗಿತ್ತು. ಅಮ್ಮ ಅವನು ತೊಟ್ಟಿಲಲ್ಲಿದ್ದಾಗಲೇ ಹೋಗಿದ್ದಳು. ಅಪ್ಪನೂ ಇಲ್ಲ. ಅಣ್ಣ ಮೇಲಿನ ಕಾಫಿ ಸೀಮೆಯಲ್ಲಿ ಹೆಂಡತಿಯ ಕಡೆಯವರ ಜೊತೆ ಇದ್ದ; ಹೊಸವರ್ಷದ ಹಬ್ಬಕ್ಕೆ ಫೋನಿನಲ್ಲಿ ಒಂದು ಹೂವಿನ ಚಿತ್ರ ಕಳಿಸುತ್ತಿದ್ದ. ಅಕ್ಕ ಎಂಬವಳು ಹುಟ್ಟಿಯೇ ಇರಲಿಲ್ಲ. ಮಾದರಿಯಲ್ಲಿ ಆರು ಜನ, ತನ್ನಲ್ಲಿ ಒಬ್ಬ. ಕಾಲುಗಳೇ ಇಲ್ಲದ ಕುರ್ಚಿಗೆ ಯಾವ ಚೀಟಿ ಅಂಟಿಸಬೇಕೆಂದು ಖಾಮ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗೆಂದು ಬಿಟ್ಟು ಎದ್ದುಹೋಗುವಂತೆಯೂ ಇರಲಿಲ್ಲ. ತಪಾಸಣೆ ಕೋಣೆಯಲ್ಲಿ ಇರುವವರು ಹನ್ನೆರಡನೇ ತರಗತಿ ಪಾಸಾಗಿರಬೇಕೆಂದು ಕಾರ್ಖಾನೆಯವರು ಹೊಸ ನಿಯಮ ತಂದಿದ್ದರು. ಬೇಸಿಗೆಯ ಪರೀಕ್ಷೆ ಮುಗಿಯುವವರೆಗೆ ಸಮಯ ಕೊಟ್ಟಿದ್ದರು. ಆಮೇಲೆ ಸರ್ಟಿಫಿಕೇಟು ಇಲ್ಲದವರೆಲ್ಲ ಮರ ಉಜ್ಜುವ ಶೆಡ್ಡಿಗೆ. ಖಾಮ್ ಮೊದಲು ಅಲ್ಲೇ ಇದ್ದವನು. ಅಲ್ಲಿಯ ಧೂಳು ಹಿಡಿಸಿದ ಕೆಮ್ಮು ಇನ್ನೂ ಎದೆಯಿಂದ ಇಳಿದಿರಲಿಲ್ಲ. ಮತ್ತೆ ಆ ಶೆಡ್ಡಿಗೆ ಹೋದರೆ ಈ ಸಲ ಅದು ತನ್ನನ್ನು ಉಳಿಸುವುದಿಲ್ಲವೆಂದು ಅವನಿಗೆ ಒಳಗೊಳಗೇ ಅನ್ನಿಸುತ್ತಿತ್ತು. ಪರೀಕ್ಷೆಗೆ ಕೂರಬೇಕಾದರೆ ವರ್ಷದ ಪ್ರಬಂಧಗಳಲ್ಲಿ ಒಂದಕ್ಕಾದರೂ ಅಂಕ ಬಿದ್ದಿರಬೇಕು. ‘ನನ್ನ ತಾಯಿ’ ಎಂಬುದಕ್ಕೆ ಅವನು ಖಾಲಿ ಹಾಳೆ ಕೊಟ್ಟಿದ್ದ. ‘ಹಬ್ಬದ ದಿನ ಮನೆಮಂದಿ’ ಎಂಬುದಕ್ಕೂ ಖಾಲಿ ಹಾಳೆಯೇ. ಉಳಿದಿದ್ದು ಇದೊಂದು.

ಪಕ್ಕದ ಬೆಂಚಿನ ಲಾಯ್ ಅಕ್ಕ ಆಗಲೇ ಒಂದು ಪುಟ ಗೀಚಿ ಮುಗಿಸಿದ್ದಳು. ಬಂದರಿನ ಹತ್ತಿರ ಮೀನುವಡೆ ಹಾಕಿದ ಶಾವಿಗೆ ಸಾರು ಮಾರುವವಳು. ಕೈಗೆ ಯಾವಾಗಲೂ ಈರುಳ್ಳಿ ಸೊಪ್ಪಿನ ವಾಸನೆ.

“ಏನ್ ತಮ್ಮ, ಇವತ್ತೂ ಬಿಳಿ ಹಾಳೇನಾ? ಇಂಕು ಉಳಿಸಿ ಮದ್ವೆ ಮಾಡ್ಕೊಳ್ಳೋ ಪ್ಲಾನಾ?”

“ಅಕ್ಕ, ನಿಮ್ಮನೇಲಿ ಅಜ್ಜಿ ಇದಾರಾ?”

“ಎಲ್ಲಿಂದ ಬರ್ತಾಳೆ? ಅತ್ತೆ ಇದ್ಳು. ಸಾಯೋ ತನಕ ಕೂದ್ಲಿಗೆ ಬಣ್ಣ ಹಚ್ಕೊಂಡು ಇಸ್ಪೀಟಾಡಿದ್ಳು. ಇವರಿಗೆ ಬೆಳ್ಳಿ ಕೂದ್ಲಿನ ಅಜ್ಜೀನೇ ಬೇಕಂತಲ್ಲ, ಈ ಹಾಳೆಯಿಂದಾನೇ ಒಬ್ಳನ್ನ ಕರ್ಕೊಂಡ್ಬಂದು ಕೂರಿಸ್ದೆ. ಪಾಪ, ಜಾಸ್ತಿ ಅನ್ನಾನೂ ಕೇಳಲ್ಲ.”

“ಅದು ಸುಳ್ಳಾಗಲ್ವಾ?”

“ಸುಳ್ಳಲ್ಲಪ್ಪ, ಪ್ರಬಂಧ,” ಎಂದಳು ಲಾಯ್ ಅಕ್ಕ.

ಹಾಳೆಯನ್ನು ಮನೆಗೆ ತೆಗೆದುಕೊಂಡು ಹೋಗಿ ಬರೆದು ತರಬಹುದೆಂದು ಟೀಚರ್ ಹೇಳಿದ್ದರಿಂದ ಖಾಮ್ ಅದನ್ನು ಮಡಚಿ ಜೇಬಿಗಿಟ್ಟುಕೊಂಡ.

ಅವನ ಕೋಣೆ ಮಾರುಕಟ್ಟೆಯ ಹಿಂದಿನ ಬಾಡಿಗೆ ಸಾಲಿನಲ್ಲಿತ್ತು. ಒಂದು ದೊಡ್ಡ ಕೋಣೆಯನ್ನು ಪ್ಲೈವುಡ್ ಹಲಗೆ ಹೊಡೆದು ಎರಡು ಮಾಡಿದ್ದರು. ಮರುದಿನ ಕಾರ್ಖಾನೆಯಿಂದ ಬಂದವನು ಅನ್ನಕ್ಕಿಟ್ಟು, ಸೊಪ್ಪು ಬೇಯಿಸಿ, ಸೊಪ್ಪು ಬೆಂದ ನೀರಿಗೇ ನಿಂಬೆ ಹಿಂಡಿ ಸಾರು ಮಾಡಿಕೊಂಡ. ಒಂದು ಮೊಟ್ಟೆ ಹುರಿದ. ಕೋಣೆಯಲ್ಲಿ ಇದ್ದ ಸಾಮಾನೆಂದರೆ ಒಂದು ಕುರ್ಚಿ. ಅವನೇ ಕೆಂಪು ಚೀಟಿ ಅಂಟಿಸಿದ ಕುರ್ಚಿ. ಒಲೆಗೆ ಹೋಗಬೇಕಾಗಿದ್ದದ್ದನ್ನು ಕೇಳಿ ತಂದಿದ್ದ. ಕೂತರೆ ಅಲುಗಾಡುತ್ತಿದ್ದದ್ದರಿಂದ ಅದರ ಮೇಲೆ ತಟ್ಟೆ ಬಟ್ಟಲುಗಳನ್ನಿಟ್ಟು ತಾನು ನೆಲದ ಮೇಲೆ ಕೂರುತ್ತಿದ್ದ.

ಗೋಡೆಯ ಆ ಕಡೆ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ಅಲ್ಲಿರುವವನು ಎಲ್ಲೋ ರಾತ್ರಿ ಪಾಳಿಯ ಕಾವಲಿನವನು. ಖಾಮ್ ಮನೆಗೆ ಬಂದು ಉಣ್ಣುವ ಹೊತ್ತಿಗೇ ಅವನು ಉಂಡು ಹೊರಡುತ್ತಿದ್ದ. ಖಾಮ್ ಅವನನ್ನು ನೋಡಿದ್ದು ಒಂದೆರಡು ಸಲ, ಅದೂ ಬೆನ್ನಿನ ಕಡೆಯಿಂದ: ನೀಲಿ ಅಂಗಿ, ಮುಂದಕ್ಕೆ ಬಾಗಿದ ಹೆಗಲು, ಹಿಂದೆ ನರೆತ ಕೂದಲು. ಹೆಸರು ಗೊತ್ತಿರಲಿಲ್ಲ. ಬಟ್ಟಲಿಗೆ ಊಟದ ಕಡ್ಡಿ ತಾಗುವ ಸದ್ದು ಮಾತ್ರ ದಿನವೂ ಕೇಳುತ್ತಿತ್ತು.

ಖಾಮ್‌ನ ಅಜ್ಜಿ ಉತ್ತರದ ಕಡೆಯಿಂದ ಬಂದವಳು, ಊಟದ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮನೆಗೆ ಕೊನೆಯವನು ಹಿರಿಯರನ್ನೆಲ್ಲ ಕ್ರಮವಾಗಿ ಕರೆಯಬೇಕು. ಕರೆಸಿಕೊಂಡ ಹಿರಿಯರು ಬಾಯಿಗಿಡುವ ತನಕ ಕಿರಿಯರು ಕಡ್ಡಿ ಎತ್ತುವಂತಿಲ್ಲ. ಅಜ್ಜಿ ಊಟ ಮಾಡಿ, ಅಪ್ಪ ಊಟ ಮಾಡಿ, ಅಣ್ಣ ಊಟ ಮಾಡು. ಮರೆತು ತುತ್ತೆತ್ತಿದರೆ ಅಜ್ಜಿಯ ಕಡ್ಡಿ ಬೆರಳ ಗೆಣ್ಣಿಗೆ ಬೀಳುತ್ತಿತ್ತು. ಕೊನೆಯವನಾದ್ದರಿಂದ ಕರೆಯುವ ಕೆಲಸ ಯಾವಾಗಲೂ ಖಾಮ್‌ನದೇ. ಅವನನ್ನು ಕರೆಯುವುದು ಯಾರ ಪಾಲಿಗೂ ಬಂದಿರಲಿಲ್ಲ.

ಹಿರಿಯರು ಒಬ್ಬೊಬ್ಬರಾಗಿ ಹೋದ ಮೇಲೆ ಕೆಲವು ದಿನ ಅವನು ಕರೆಯದೆ ಉಂಡು ನೋಡಿದ್ದ. ಅನ್ನ ಗಂಟಲಲ್ಲಿ ನಿಲ್ಲುತ್ತಿತ್ತು. ಸತ್ತವರನ್ನು ಕರೆಯೋಣವೆಂದರೆ ಅವರಿಗೆ ಗೋಡೆಯ ಪೂಜೆಯ ಗೂಡಿನಲ್ಲಿ ಊದುಬತ್ತಿಯ ಜೊತೆ ಬೇರೆಯೇ ಬಟ್ಟಲು ಇಡುತ್ತಿದ್ದ. ಕೊನೆಗೆ ಒಂದು ಸಂಜೆ, ಆ ಕಡೆಯ ಬಟ್ಟಲ ಸದ್ದು ಕೇಳಿ, ಅವನು ಗೋಡೆಯ ಕಡೆ ಮುಖ ಮಾಡಿದ್ದ.

“ಅಣ್ಣಾ, ಊಟ ಮಾಡಿ.”

ಹಲಗೆಗೂ ಕೇಳಿಸದಷ್ಟು ಸಣ್ಣ ದನಿ. ಅಂದಿನಿಂದ ದಿನವೂ ಹಾಗೆಯೇ. ಈ ಸಂಜೆಯೂ ಹಾಗೆ ಕರೆದು, ಆ ಕಡೆಯ ಕಡ್ಡಿಯ ಸದ್ದಿಗೆ ಕಾದು, ತಾನು ತುತ್ತೆತ್ತಿದ. ಆಮೇಲೆ ಕೈತೊಳೆದು ಮಾದರಿ ಹಾಳೆಯನ್ನು ಬಿಡಿಸಿ ನೋಡಿದ. ಇದಕ್ಕೂ ಅದಕ್ಕೂ ಯಾವ ಸಂಬಂಧವೂ ಕಾಣಲಿಲ್ಲ. ಮಡಚಿಟ್ಟ.

ಇಲ್ಲದ್ದನ್ನು ಬರೆಯಲು ಮನಸ್ಸು ಬಾರದಿದ್ದರೆ ಇರುವಲ್ಲಿಗೆ ಹೋಗಿ ನೋಡಬೇಕೆಂದು ಅವನಿಗೆ ತೋಚಿದ್ದು ಕಾರ್ಖಾನೆಯಲ್ಲಿ, ಮಧ್ಯಾಹ್ನದ ಹೊತ್ತು. ಡಬ್ಬ ಕಟ್ಟುವ ವಿಭಾಗದ ಡೋ ಅವನಿಗೆ ಹಳೆಯ ಪರಿಚಯ.

“ಡೋ, ಒಂದಿನ ನಿಮ್ಮನೆಗೆ ಊಟಕ್ಕೆ ಬರ್ಲಾ?”

ಡೋ ಅವನನ್ನು ಮೇಲಿಂದ ಕೆಳಗೆ ನೋಡಿದ. “ಏನ್ ವಿಶೇಷ? ಹೆಣ್ಣು ನೋಡೋಕಾದ್ರೆ ನಂಗೆ ತಂಗಿ ಇಲ್ಲ ಮಾರಾಯ.”

“ಹಾಗಲ್ಲ. ಶಾಲೆ ಕೆಲ್ಸ, ಪ್ರಬಂಧ ಬರೀಬೇಕು. ಮನೆಮಂದಿ ಊಟ ಮಾಡೋದನ್ನ ನೋಡ್ಬೇಕು.”

“ನಾವು ಊಟ ಮಾಡೋದನ್ನ ನೋಡೋಕೆ ಶಾಲೇಲಿ ಕಳಿಸ್ತಾರಾ? ಬಾ ಬಾ, ಭಾನುವಾರ ಬಾ. ಟಿಕೆಟ್ಟಿಲ್ಲ.”

ಭಾನುವಾರ ಖಾಮ್ ತೊಳೆದ ಅಂಗಿ ಹಾಕಿಕೊಂಡು, ಒಂದು ಚೀಲ ಡ್ರ್ಯಾಗನ್ ಹಣ್ಣು ಹಿಡಿದು ಹೋದ. ಚಾಪೆ ಹಾಸಿತ್ತು. ಡೋನ ತಾಯಿ ಮೊದಲೇ ಉಂಡು ಮಂಚದ ಮೇಲೆ ಟಿವಿ ಮುಂದೆ ಒರಗಿದ್ದಳು. ಮಗ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಡ್ಡಿ ಹಿಡಿದಿದ್ದ. ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಡೋನ ಹೆಂಡತಿ ಒಲೆಯ ಮುಂದೆ ನಿಂತು ಸೀಗಡಿ ಹಾಕಿದ ದೋಸೆಗಳನ್ನು ಒಂದೊಂದಾಗಿ ಹುಯ್ದು ತಂದು ಹಾಕುತ್ತಿದ್ದಳೇ ಹೊರತು ಕೂರಲಿಲ್ಲ. ಡೋ ಬಿಯರ್ ಬಗ್ಗಿಸಿಕೊಂಡ. ಖಾಮ್ ಕೈಕಟ್ಟಿ ಕಾದ. ಯಾರೂ ಯಾರನ್ನೂ ಕರೆಯಲಿಲ್ಲ.

“ಏನು, ಪೂಜೆ ಆಗ್ಲಿ ಅಂತ ಕಾಯ್ತಿದ್ದೀಯಾ?” ಎಂದ ಡೋ. “ತಿನ್ನು, ಆರೋಗುತ್ತೆ.”

ಅವರು ಫುಟ್‌ಬಾಲಿನ ಬಗ್ಗೆ ಮಾತಾಡಿದರು. ಅಂದರೆ ಡೋ ಮಾತಾಡಿದ. ಹೊರಡುವಾಗ ಡೋನ ಹೆಂಡತಿ ಅಂಗಿಯ ತುದಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

“ಅಣ್ಣ, ಮನೆ ಗುಡ್ಸಿರ್ಲಿಲ್ಲ, ಅದನ್ನೇನೂ ಬರೀಬೇಡಿ. ನಾವು... ಪ್ರಬಂಧಕ್ಕೆ ಆಗ್ತೀವಾ?”

“ತುಂಬ ಚೆನ್ನಾಗಿತ್ತಮ್ಮ,” ಎಂದ ಖಾಮ್.

ಸೈಕಲ್ ತುಳಿಯುತ್ತ ಬರುವಾಗ ಅವನಿಗೆ ಸಂಕಟವಾಯಿತು. ಅವಳು ಹುಯ್ದ ದೋಸೆ ಹೊಟ್ಟೆಯಲ್ಲಿ ಇನ್ನೂ ಬೆಚ್ಚಗಿತ್ತು. ಕಂಡಂತೆ ಬರೆದರೆ ಉಂಡ ಮನೆಯನ್ನು ಆಡಿಕೊಂಡ ಹಾಗೆ. ಮಾದರಿಯಂತೆ ಬರೆದರೆ ಕಂಡದ್ದಲ್ಲ. ಕಡಲಿನಿಂದ ಬೀಸುವ ಗಾಳಿಗೆ ಎದುರಾಗಿ ತುಳಿಯುತ್ತಿದ್ದ ಅವನಿಗೆ, ತಾನು ಹೋಗಿದ್ದರಿಂದ ಆ ಹೆಂಗಸು ಕೂತು ಉಣ್ಣುವುದೂ ತಪ್ಪಿತೇನೋ ಎಂಬ ಅನುಮಾನ ಬೇರೆ ಶುರುವಾಯಿತು.

ಮೂರನೆಯ ಹಾಳೆಯೂ ಖಾಲಿಯೇ ಬಂದದ್ದನ್ನು ನೋಡಿ ಮಿಯೆನ್ ಟೀಚರ್ ಅದನ್ನು ಹಿಡಿದುಕೊಂಡು ಅವನ ಬೆಂಚಿನ ಹತ್ತಿರವೇ ಬಂದರು. ವಯಸ್ಸಿನಲ್ಲಿ ಅವನಿಗಿಂತ ಎಷ್ಟೋ ಚಿಕ್ಕವರು. ಹಗಲು ಶಿಶುವಿಹಾರದಲ್ಲಿ ಮಕ್ಕಳ ಮೂಗು ಒರೆಸುತ್ತ, ಸಂಜೆ ಕಾಲೇಜಿನಲ್ಲಿ ಓದಿ ಪದವಿ ಪಡೆದವರು. ಹಗಲು ಕಾಲೇಜಿನವರ ಮುಂದೆ ನಿಂತಾಗ ಈಗಲೂ ಅವರ ದನಿ ಸ್ವಲ್ಪ ಇಳಿಯುತ್ತಿತ್ತು.

“ಖಾಮ್ ಅಣ್ಣ, ಯಾಕೆ ಹೀಗೆ ಮಾಡ್ತೀರಿ? ಪರೀಕ್ಷೆ ಬೇಡ್ವಾ ನಿಮಗೆ?”

“ಬೇಕು ಟೀಚರ್.”

“ಮಾದರಿ ಕೊಟ್ಟಿದ್ದೆನಲ್ಲ. ಅರ್ಥ ಆಗ್ಲಿಲ್ವಾ?”

“ಅರ್ಥ ಆಯ್ತು. ಅದಕ್ಕೇ ಬರೀಲಿಲ್ಲ.” ಖಾಮ್ ಎದ್ದು ನಿಂತ. “ಅದ್ರಲ್ಲಿ ಆರು ಜನ ಇದಾರೆ. ನಮ್ಮನೇಲಿ ನಾನೊಬ್ನೇ. ಮಾದರಿಗೆ ಹೊಂದದೆ ಇರೋದನ್ನ ಕೊಟ್ರೆ ನೀವು ವಾಪಸ್ ಕಳಿಸ್ಬೇಕಾಗುತ್ತೆ. ಸುಮ್ನೆ ನಿಮಗೂ ಕೆಲ್ಸ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಟೀಚರ್ ನಗಲಿಲ್ಲ. ಕೈಯಲ್ಲಿದ್ದ ಖಾಲಿ ಹಾಳೆಯನ್ನೇ ಸ್ವಲ್ಪ ಹೊತ್ತು ನೋಡಿದರು.

“ಇದು ಕುರ್ಚಿ ಅಲ್ಲ ಅಣ್ಣ,” ಎಂದರು ಕೊನೆಗೆ. “ಮನೇಲಿ ಎಷ್ಟು ಜನ ಇರ್ಬೇಕು ಅಂತ ತೋರ್ಸೋಕೆ ಅದನ್ನ ಕೊಟ್ಟಿದ್ದಲ್ಲ. ಹೇಗೆ ನೋಡಿ ಬರೀಬೇಕು ಅಂತ... ನಾನು ಸರಿಯಾಗಿ ಹೇಳ್ಲಿಲ್ಲ ಅನ್ಸುತ್ತೆ. ನಿನ್ನೆ ಸಂಜೆ ನೀವೇನು ಊಟ ಮಾಡಿದ್ರಿ, ಹೇಳಿ.”

“ಮೊಟ್ಟೆ.”

“ಒಂದೇನಾ?”

“ಒಂದೇ. ಸೊಪ್ಪು. ಸೊಪ್ಪಿನ ನೀರಿಗೆ ನಿಂಬೆ. ಮೀನಿನ ಸಾಸಿಗೆ ಒಂದು ಮೆಣಸಿನಕಾಯಿ.”

ಟೀಚರ್ ಬೋರ್ಡಿನ ಕಡೆ ಹೋಗಿ ಅದನ್ನೆಲ್ಲ ಬರೆದರು. ಎಲ್ಲಿ ಕೂತಿರಿ, ತಟ್ಟೆ ಎಲ್ಲಿಟ್ಟಿರಿ ಎಂದು ಒಂದೊಂದಾಗಿ ಕೇಳಿದರು. ಖಾಮ್ ಹೇಳುತ್ತ ಹೋದ. ಅಲುಗಾಡುವ ಕುರ್ಚಿ, ಅದರ ಬೆನ್ನಿನ ಕೆಂಪು ಚೀಟಿ, ಊಟ ಮೇಲೆ, ತಾನು ಕೆಳಗೆ. ಬೆಂಚುಗಳಲ್ಲಿ ಪಿಸುಮಾತು ನಿಂತಿತು. ಇಷ್ಟು ಜನ ತನ್ನ ಮಾತಿಗೆ ಕಿವಿಗೊಟ್ಟು ಕೂತದ್ದನ್ನು ಅವನು ಎಂದೂ ಕಂಡಿರಲಿಲ್ಲ.

“ಆಮೇಲೆ? ಅನ್ನ ಬಡಿಸ್ಕೊಂಡ್ರಿ. ಆಮೇಲೆ ಏನು ಮಾಡ್ತೀರಿ?”

ಗೋಡೆ ಅವನ ನಾಲಿಗೆಯ ತುದಿಗೆ ಬಂದಿತ್ತು. ಕಿಸಕ್ಕೆಂದ ಬೆಂಚಿನ ಕಡೆ ಒಮ್ಮೆ ನೋಡಿದ.

“ಆಮೇಲೆ ತಿಂತೀನಿ,” ಎಂದ.

“ಇದೇ,” ಎಂದರು ಟೀಚರ್. ಮುಖ ಅರಳಿತ್ತು. “ನೋಡಿ, ಇದೇ ನನಗೆ ಬೇಕಾಗಿದ್ದು. ಆ ಹಳೇ ಹಾಳೆ ಬಿಟ್ಬಿಡಿ. ಇದು ಮಾದರಿ. ಎಲ್ರೂ ಹೀಗೆ ಇನ್ನೊಂದ್ಸಲ ಬರ್ಕೊಂಡು ಬನ್ನಿ.”

ಖಾಮ್ ಬೋರ್ಡಿನ ಮೇಲಿದ್ದದ್ದನ್ನು ಹಾಳೆಗೆ ಇಳಿಸಿಕೊಂಡ. ಅಕ್ಷರ ದುಂಡಗೆ ಬಂತು. ಹಾಳೆ ಕೊಟ್ಟು ಹೊರಗೆ ಬಂದಾಗ ಹಸಿರು ಚೀಟಿ ಅಂಟಿಸಿಕೊಂಡ ಹಾಗೆ ಎದೆ ಹಗುರವಾಗಿತ್ತು.

ಸಂಜೆ ಶಾಲೆಯವರ ಪ್ರಬಂಧಗಳನ್ನು ಹಗಲಿನ ಶಿಕ್ಷಕರೊಬ್ಬರು ಮತ್ತೊಮ್ಮೆ ನೋಡಿದ ಮೇಲೆಯೇ ಅಂಕ ಖಾಯಂ. ಮುಂದಿನ ವಾರ ಕಟ್ಟು ವಾಪಸ್ ಬಂದಾಗ ಮಿಯೆನ್ ಟೀಚರ್ ಅದನ್ನು ಮೇಜಿನ ಮೇಲಿಟ್ಟು, ಮೇಲೆ ಕೈ ಊರಿ ನಿಂತರು. ಎಲ್ಲರಿಗೂ ಸೊನ್ನೆ ಬಿದ್ದಿತ್ತು. ಮೊದಲ ಹಾಳೆಯ ಮೇಲೆ ಹಗಲಿನ ಶಿಕ್ಷಕರು ಕೆಂಪಿನಲ್ಲಿ ಒಂದು ಸಾಲು ಬರೆದಿದ್ದರು. ಟೀಚರ್ ಅದನ್ನು ಓದಿದರು: “ಇಡೀ ತರಗತಿ ಒಂದೇ ಮೊಟ್ಟೆ ತಿಂದದ್ದು ಹೇಗೆ?”

ಹಾಳೆಗಳು ಕೈಯಿಂದ ಕೈಗೆ ಹೋದವು. ಖಾಮ್ ಪಕ್ಕದ ಬೆಂಚಿನ ಹಾಳೆಯನ್ನು ನೋಡಿದ. ಲಾಯ್ ಅಕ್ಕ ಒಬ್ಬಳೇ ನೆಲದ ಮೇಲೆ ಕೂತಿದ್ದಳು. ಮುಂದೆ ಅಲುಗಾಡುವ ಕುರ್ಚಿ.

“ಅಕ್ಕ, ನಿಮ್ಗೆ ಐದು ಮಕ್ಳಲ್ವಾ?”

“ಹೂಂ, ಎಲ್ರನ್ನೂ ಹೊರಗೆ ಕಳಿಸ್ದೆ. ಗಂಡನ್ನೂ ಕಳಿಸ್ದೆ. ಟೀಚರಿಗೆ ಒಂಟಿ ಜನ ಇಷ್ಟ ಅಂತ ಅವತ್ತು ಗೊತ್ತಾಯ್ತಲ್ಲ.” ಲಾಯ್ ಅಕ್ಕ ಹಾಳೆಯನ್ನು ಮಡಚಿ ಬೀಸಿಕೊಂಡಳು. “ಬರೀವಾಗ ಎಷ್ಟು ನೆಮ್ಮದಿ ಇತ್ತು ಗೊತ್ತಾ ತಮ್ಮ. ಒಂದೇ ತಟ್ಟೆ ತೊಳೆಯೋದು.”

ಮುಂದಿನ ಬೆಂಚಿನವನೂ ಒಬ್ಬನೇ ಉಂಡಿದ್ದ. ಮೊನ್ನೆ ತಾನೇ ಮದುವೆಯಾದ ಹುಡುಗಿಯೂ ಒಬ್ಬಳೇ ಉಂಡಿದ್ದಳು. ಕೆಂಪು ಚೀಟಿಯ ಕುರ್ಚಿ ಎಲ್ಲರ ಮನೆಯಲ್ಲೂ ಇತ್ತು. ಮೆಣಸಿನಕಾಯಿಯೂ ಒಂದೇ. ಖಾಮ್ ತನ್ನ ಹಾಳೆಯನ್ನು ತೆಗೆದು ನೋಡಿದ. ಮಿಕ್ಕವಕ್ಕೂ ಅದಕ್ಕೂ ಯಾವ ವ್ಯತ್ಯಾಸವೂ ಇರಲಿಲ್ಲ. ಓದುತ್ತ ಓದುತ್ತ, ಇದು ತನ್ನ ಕೋಣೆಯೇ ಹೌದೋ ಅಲ್ಲವೋ ಎಂದು ಅವನಿಗೇ ಅನುಮಾನ ಬಂತು. ನಗುವವರು ನಗುತ್ತಿದ್ದರು. ತರಗತಿ ಮುಗಿದ ಮೇಲೆ ಅವರೆಲ್ಲ ತಮ್ಮ ತಮ್ಮ ಚಾಪೆಗಳಿಗೆ ಹೋಗಿ ಕೂರುತ್ತಾರೆ. ಆ ಒಂಟಿ ಊಟವನ್ನು ಇಲ್ಲೇ ಬೆಂಚಿನ ಮೇಲೆ ಬಿಟ್ಟು ಹೋಗುತ್ತಾರೆ.

ಉಳಿದವರೆಲ್ಲ ಹೊರಟ ಮೇಲೂ ಅವನು ಕೂತೇ ಇದ್ದ. ಟೀಚರ್ ಬೋರ್ಡು ಒರೆಸುತ್ತಿದ್ದರು.

“ಟೀಚರ್, ಒಂದು ಮಾತು ಕೇಳ್ಲಾ? ಕಾರ್ಖಾನೇಲಿ ಮಾದರಿ ಹಾಗೇ ಇದ್ರೆ ಪಾಸು. ಇಲ್ಲಿ ಹಾಗೇ ಇದ್ರೆ ಫೇಲು. ನಾನು ಸುಳ್ಳು ಬರೆದಿರ್ಲಿಲ್ಲ.”

“ನನಗೆ ಗೊತ್ತು.” ಟೀಚರ್ ಬಟ್ಟೆಯನ್ನು ಕೈಯಲ್ಲಿ ಮುದುರಿದರು. “ಅವರಿಗೆ ಹೇಳ್ದೆ, ಇದ್ರಲ್ಲಿ ಒಬ್ರದ್ದು ನಿಜ ಅಂತ. ಯಾವ್ದು ತೋರ್ಸಿ ಅಂದ್ರು. ಹಾಳೆಗಳನ್ನ ಎರಡೆರಡು ಸಲ ತಿರುವಿದೆ ಅಣ್ಣ. ಹೆಸರು ಮುಚ್ಚಿಟ್ರೆ ನನಗೂ ಗೊತ್ತಾಗ್ಲಿಲ್ಲ.” ಬಟ್ಟೆಯನ್ನು ಮೇಜಿನ ಮೇಲಿಟ್ಟು ಮುಂದುವರಿಸಿದರು: “ಶುಕ್ರವಾರದವರೆಗೆ ಟೈಮ್ ಕೇಳಿ ತಗೊಂಡಿದ್ದೀನಿ. ಎಲ್ರಿಗೂ. ಶನಿವಾರ ಪರೀಕ್ಷೆಯ ಹೆಸರುಗಳು ಹೋಗ್ತವೆ. ಬೋರ್ಡ್ ಮೇಲೆ ಬರದೇ ಇದ್ದದ್ದು ಏನಾದ್ರೂ ಇದ್ರೆ ಅದನ್ನ ಬರೀರಿ. ಬೇರೆಯವರ ಹತ್ರ ಇಲ್ದೆ ಇರೋದು.”

ಬೇರೆಯವರ ಹತ್ತಿರ ಇಲ್ಲದ್ದು ಒಂದೇ ಇತ್ತು. ಖಾಮ್ ಎರಡು ದಿನ ಅದರ ಸುತ್ತಲೇ ಸುಳಿದಾಡಿದ. ಮಾರುಕಟ್ಟೆಯ ವಾಸನೆ ಬರೆದ. ಕೆಮ್ಮಿನ ಬಗ್ಗೆ ಬರೆದ. ಬರೆದದ್ದನ್ನು ಓದಿದರೆ ಎಲ್ಲಿಂದಲೋ ಎತ್ತಿ ತಂದ ಹಾಗೆ ಇತ್ತು. ಗುರುವಾರ ಕಾರ್ಖಾನೆಯಲ್ಲಿ ಉಜ್ಜುವ ಶೆಡ್ಡಿನ ಮುಂದೆ ಹಾದು ಹೋಗುವಾಗ ಒಳಗಿನ ಧೂಳು ಬಿಸಿಲಿಗೆ ಹೊಗೆಯಂತೆ ತೂಗುತ್ತಿತ್ತು. ಬಾಯಿಗೆ ಬಟ್ಟೆ ಕಟ್ಟಿಕೊಂಡವರು ತಲೆ ಎತ್ತದೆ ಉಜ್ಜುತ್ತಿದ್ದರು. ಎದೆಯೊಳಗೆ ಕೆರೆದಂತಾಗಿ ಅವನು ಗೋಡೆ ಹಿಡಿದು ಕೆಮ್ಮಿದ.

ಅಂದು ಸಂಜೆ ಊಟವಾದ ಮೇಲೆ ಬಟ್ಟಲುಗಳನ್ನು ಸರಿಸಿ, ಅದೇ ಕುರ್ಚಿಯ ಮೇಲೆ ಹಾಳೆ ಇಟ್ಟು ಬರೆದ. ಅಜ್ಜಿಯ ಕಡ್ಡಿಯ ಪೆಟ್ಟಿನಿಂದ ಶುರು ಮಾಡಿದ. ಗಂಟಲಲ್ಲಿ ನಿಂತ ಅನ್ನ, ಗೂಡಿನ ಊದುಬತ್ತಿ, ಹಲಗೆಯ ಆ ಕಡೆಯ ಬಟ್ಟಲು. ನೀಲಿ ಅಂಗಿಯವರನ್ನು ನಾನು ಅಣ್ಣ ಎಂದು ಕರೆಯುತ್ತೇನೆ, ಅವರು ನನಗಿಂತ ಹಿರಿಯರೋ ಕಿರಿಯರೋ ಗೊತ್ತಿಲ್ಲ, ಹಿಂದಿನ ಕೂದಲು ನರೆತಿದೆ ಎಂದು ಬರೆದ. ಅವರಿಗೆ ಕೇಳಿಸುವುದಿಲ್ಲ, ಕೇಳಿಸಬೇಕೆಂದು ನಾನು ಕರೆಯುವುದಿಲ್ಲ ಎಂದು ಬರೆದು, ಕೊನೆಯ ಮಾತು ನಿಜವೇ ಎಂದು ಬಹಳ ಹೊತ್ತು ಯೋಚಿಸಿ, ಅದನ್ನು ಹೊಡೆದು ಹಾಕಿದ.

ಶುಕ್ರವಾರ ಹಾಳೆಯನ್ನು ನಾಲ್ಕಾಗಿ ಮಡಚಿ ಟೀಚರ ಕೈಗೇ ಕೊಟ್ಟ. “ಜೋರಾಗಿ ಓದ್ಬೇಡಿ,” ಎಂದ.

ಶನಿವಾ‌ರ ತರಗತಿ ಇರಲಿಲ್ಲ. ಆದರೂ ಮಧ್ಯಾಹ್ನ ಪಾಳಿ ಮುಗಿದ ಕೂಡಲೇ ಅವನು ಶಾಲೆಯ ಕಡೆ ಸೈಕಲ್ ತಿರುಗಿಸಿದ. ಮಿಯೆನ್ ಟೀಚರ್ ಶಿಕ್ಷಕರ ಕೋಣೆಯಲ್ಲಿ ಒಬ್ಬರೇ ಇದ್ದರು. ಮೇಜಿನ ಮೇಲೆ ಬಾಳೆಲೆ ಬಿಡಿಸಿದ ಅಕ್ಕಿಯ ಕಡುಬು ಅರ್ಧ ತಿಂದು ಹಾಗೇ ಬಿಟ್ಟಿದ್ದರು.

“ಪರೀಕ್ಷೆಗೆ ನಿಮ್ಮ ಹೆಸ್ರು ಹೋಯ್ತು,” ಎಂದರು. “ಹತ್ತಕ್ಕೆ ಏಳು ಅಂಕ. ಹಗಲಿನ ಶಿಕ್ಷಕರು ಕೊನೇ ಸಾಲಿನವರೆಗೂ ಓದಿದ್ರು. ಹಾಳೆ ಇಟ್ಟು ಕನ್ನಡಕ ಒರೆಸ್ಕೊಂಡ್ರು.”

ಖಾಮ್ ಕಡುಬಿನ ಕಡೆ ನೋಡಿದ.

“ಒಂದು ಕೇಳ್ತೀನಿ ಅಣ್ಣ, ಬೇಡ ಅಂದ್ರೆ ಬೇಡ.” ಟೀಚರ್ ಡ್ರಾಯರಿನಿಂದ ಅವನ ಹಾಳೆ ತೆಗೆದರು. ಮಡಿಕೆಯಲ್ಲೇ ಇತ್ತು. “ಮುಂದಿನ ವರ್ಷ ಹೊಸಬರು ಬರ್ತಾರೆ. ಅವರಿಗೂ ಅದೇ ಬೆಳ್ಳಿ ಕೂದ್ಲಿನ ಅಜ್ಜಿ ಕೊಡೋಕೆ ನನಗಿನ್ನು ಆಗಲ್ಲ. ಇದನ್ನ ತೋರಿಸ್ಲಾ? ಹೆಸರು ಇರಲ್ಲ. ಜೊತೆಗೆ ಬೇರೆ ಥರದ ನಾಲ್ಕೈದು ಊಟಾನೂ ಇಡ್ತೀನಿ. ಲಾಯ್ ಅಕ್ಕ ಈ ಸಲ ಐದು ಮಕ್ಕಳ ಜಗಳ ಬರೆದಿದಾರೆ, ಚೆನ್ನಾಗಿದೆ. ಒಂದೇ ಇದ್ರೆ ತಾನೇ ಎಲ್ರೂ ಅದನ್ನೇ ತಿನ್ನೋದು.”

ಖಾಮ್ ಕಡುಬಿನಿಂದ ಕಣ್ಣು ತೆಗೆದು ಹಾಳೆಯ ಕಡೆ ನೋಡಿದ.

“ಗೋಡೆ ವಿಷ್ಯ ಬಿಟ್ಟು ತೋರಿಸ್ಬಹುದಾ?”

“ಬಿಟ್ರೆ ಮತ್ತೆ ಅದೇ ಮೊಟ್ಟೆ ಉಳಿಯುತ್ತೆ.”

“ಹಾಗಾದ್ರೆ ನಾನೊಬ್ನೇ ಹೂಂ ಅಂದ್ರೆ ಆಗಲ್ಲ ಟೀಚರ್. ಅದ್ರಲ್ಲಿ ಇನ್ನೊಬ್ರಿದಾರೆ. ಅವ್ರನ್ನ ಕೇಳ್ಬೇಕು.”

ಟೀಚರ್ ಅವನನ್ನೇ ನೋಡಿದರು. “ಅವರಿಗೆ ಗೊತ್ತೇ ಇಲ್ಲ ಅಂತ ಬರೆದಿದ್ದೀರಿ.”

“ಹೌದು,” ಎಂದ ಖಾಮ್. “ಅದೇ ಕಷ್ಟ.”

ಮನೆಗೆ ಬಂದು, ಸಂಜೆಯಾಗುತ್ತಲೇ ಅನ್ನಕ್ಕಿಟ್ಟ. ಕೇಳಬೇಕಾದ ಮಾತನ್ನು ಸೊಪ್ಪು ತೊಳೆಯುತ್ತ ಒಂದು ರೀತಿ ಜೋಡಿಸಿದ, ಮೊಟ್ಟೆ ಒಡೆಯುತ್ತ ಇನ್ನೊಂದು ರೀತಿ. ಅಣ್ಣ, ನಾನು ಪಕ್ಕದ ಕೋಣೆಯವನು. ಅಣ್ಣ, ನಿಮಗೆ ತಿಳಿಸದೆ ನಿಮ್ಮ ವಿಷಯ ಬರೆದಿದ್ದೇನೆ. ಯಾವುದೂ ಬಾಯಿಗೆ ಹೊಂದಲಿಲ್ಲ. ಒಮ್ಮೆ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದ. ಹೆಸರೂ ಗೊತ್ತಿಲ್ಲದವರ ಬಾಗಿಲು ತಟ್ಟಿ ಎದುರಿಗೆ ನಿಂತು ಇದನ್ನೆಲ್ಲ ಹೇಳುವುದನ್ನು ನೆನೆಸಿಕೊಂಡೇ ಕಿವಿ ಬಿಸಿಯಾಯಿತು. ವಾಪಸ್ ಬಂದು ಬಟ್ಟಲುಗಳನ್ನು ಕುರ್ಚಿಯ ಮೇಲೆ ಜೋಡಿಸಿದ.

ಆ ಕಡೆ ಮುಚ್ಚಳ ತೆಗೆದ ಸದ್ದು. ಫ್ಯಾನಿನ ಗರಗರ. ಕಡ್ಡಿ ಬಟ್ಟಲಿಗೆ ತಾಗಿತು.

ಖಾಮ್ ಗೋಡೆಯ ಕಡೆ ತಿರುಗಿದ. ಗಂಟಲು ಸರಿಮಾಡಿಕೊಂಡ. ಅಜ್ಜಿಗೆ ಕಿವಿ ಮಂದವಾದ ಮೇಲೆ ಅವಳನ್ನು ಕರೆಯುತ್ತಿದ್ದ ದನಿಯಲ್ಲಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುವಂತೆ ಕರೆದ.

“ಅಣ್ಣಾ, ಊಟ ಮಾಡಿ.”

ಆ ಕಡೆ ಕಡ್ಡಿಯ ಸದ್ದು ನಿಂತಿತು.

ಫ್ಯಾನು ಮಾತ್ರ ತಿರುಗುತ್ತಿತ್ತು. ಯಾರೂ ಮಾತಾಡಲಿಲ್ಲ, ಯಾರೂ ಎದ್ದು ಬರಲಿಲ್ಲ. ಖಾಮ್ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕರೆದ ಮೇಲೆ ಹಿರಿಯರು ಬಾಯಿಗಿಡುವ ತನಕ ಕಿರಿಯವನು ಕಡ್ಡಿ ಎತ್ತುವಂತಿಲ್ಲ. ಮೊಟ್ಟೆಯ ಮೇಲಿನ ಹಬೆ ಇಳಿಯಿತು. ಸಾರಿನ ಮೇಲೆ ನಿಂಬೆಯ ಬೀಜವೊಂದು ತೇಲುತ್ತಿತ್ತು. ತಪ್ಪು ಮಾಡಿದೆನೇನೋ, ಅವರು ಊಟ ಬಿಟ್ಟು ಎದ್ದರೇನೋ ಎಂದು ಅವನು ಹಲಗೆಯನ್ನೇ ನೋಡುತ್ತಿದ್ದ.

ಬಹಳ ಹೊತ್ತಾದ ಮೇಲೆ, ಆ ಕಡೆ, ಕಡ್ಡಿ ಬಟ್ಟಲಿಗೆ ಒಮ್ಮೆ ತಾಗಿತು.

ಖಾಮ್ ತನ್ನ ಬಟ್ಟಲನ್ನು ಎತ್ತಿಕೊಂಡ. ಅನ್ನ ಆರಿತ್ತು. ಕೇಳಬೇಕಾದ್ದನ್ನು ನಾಳೆ ಕೇಳಬಹುದು.